ರಕ್ತದಲ್ಲಿ ಅರಿವಳಿಕೆ ಔಷಧ ಎಷ್ಟಿದೆ ಅಂತ ಬೆಳಕಿನಿಂದ ತಕ್ಷಣ ಗೊತ್ತಾಗುತ್ತದಾ?

ಆಪರೇಷನ್ ನಡೆಯುವಾಗಲೇ ರಕ್ತ ಅಥವಾ ಮೂತ್ರದ ಮೇಲೆ ಬೆಳಕು ಬಿಟ್ಟು ಅರಿವಳಿಕೆ ಔಷಧ ಅಳೆಯಬಹುದಾ ಅಂತ ಕೇಳಿದ್ದೀರಿ. ಅಳೆಯಬಹುದು, ಆದರೆ ರಕ್ತ ಇದ್ದ ಹಾಗೇ ಅಳೆಯುವುದು ತುಂಬಾ ಕಷ್ಟ. ಲ್ಯಾಬ್‌ನಲ್ಲಿ ನಾನು ಕೆಲಸ ಮಾಡಿದ್ದು ಪ್ರೊಪೊಫಾಲ್ ಅನ್ನುವ ಅರಿವಳಿಕೆ ಔಷಧದ ಮೇಲೆ, ಅದರ ಬಗ್ಗೆಯೇ ಹೇಳುತ್ತೇನೆ.

ಸೆವೊಫ್ಲುರೇನ್ ತರಹ ಉಸಿರಿನ ಜೊತೆ ಕೊಡುವ ಔಷಧಕ್ಕೆ ಈ ತೊಂದರೆ ಇಲ್ಲ. ಅದು ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ, ಹಾಗಾಗಿ ಒಂದೊಂದು ಉಸಿರಲ್ಲೂ ಎಷ್ಟಿದೆ ಅಂತ ಮಾನಿಟರ್‌ನಲ್ಲಿ ಕಾಣುತ್ತದೆ. ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್‌ಗೆ ಆ ಅನುಕೂಲ ಇಲ್ಲ. ಔಷಧ ಹರಿಸುವ ಪಂಪ್ ತೋರಿಸುವ ಮಟ್ಟ ವಯಸ್ಸು, ತೂಕ ಇಟ್ಟುಕೊಂಡು ಹಾಕಿದ ಲೆಕ್ಕ, ಅಳತೆ ಅಲ್ಲ. ಈ ಕೆಲಸ ನಿಜವಾಗಿ ಬೇಕು ಅಂತ ನನಗೆ ಅನ್ನಿಸುವುದು ಇದಕ್ಕೇ.

ಪ್ರೊಪೊಫಾಲ್ ಫೀನಾಲ್ ಅನ್ನುವ ರಾಸಾಯನಿಕಗಳ ಗುಂಪಿಗೆ ಸೇರಿದ್ದು. 270 ನ್ಯಾನೋಮೀಟರ್ ಸುತ್ತಮುತ್ತಲಿನ ಅಲ್ಟ್ರಾವಯಲೆಟ್ ಬೆಳಕನ್ನು ಹೀರಿ, ಸ್ವಲ್ಪ ಬೆಳಕನ್ನು ವಾಪಸ್ ಬಿಡುತ್ತದೆ. ಶುದ್ಧ ದ್ರಾವಣದಲ್ಲಿ ಇದನ್ನು ಹಿಡಿಯುವುದು ಸುಲಭ. ರಕ್ತದಲ್ಲಿ ಹಾಗಲ್ಲ. ಆಪರೇಷನ್ ವೇಳೆ ಔಷಧ ಇರುವುದು ಮಿಲಿಲೀಟರಿಗೆ ಸುಮಾರು 2ರಿಂದ 6 ಮೈಕ್ರೋಗ್ರಾಂ, ಆದರೆ ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ (ರಕ್ತದ ದ್ರವ ಭಾಗದಲ್ಲಿ) ಅಲ್ಬುಮಿನ್ ಅನ್ನುವ ಒಂದೇ ಪ್ರೋಟೀನ್ 40 ಮಿಲಿಗ್ರಾಂ ಹತ್ತಿರ, ಅಂದರೆ ಸುಮಾರು ಹತ್ತು ಸಾವಿರ ಪಟ್ಟು ಜಾಸ್ತಿ ಇರುತ್ತದೆ, ಅದೂ ಇದೇ ಬೆಳಕನ್ನು ಹೀರುತ್ತದೆ. ಜೊತೆಗೆ ಹಿಮೋಗ್ಲೋಬಿನ್ ಬೇರೆ. ಸಾಲದ್ದಕ್ಕೆ ಔಷಧದ ಶೇ 97ರಿಂದ 99ರಷ್ಟು ಪ್ರೋಟೀನ್, ರಕ್ತಕಣಗಳಿಗೆ ಅಂಟಿಕೊಂಡಿರುತ್ತದೆ.

ಅದಕ್ಕೇ ಮೊದಲು ಔಷಧವನ್ನು ಬೇರ್ಪಡಿಸಬೇಕು. ಆಮೇಲೆ ಗಿಬ್ಸ್ ರಿಏಜೆಂಟ್ ಅನ್ನುವ ರಾಸಾಯನಿಕ ಹಾಕಿದರೆ ನೀಲಿ ಬಣ್ಣ ಬರುತ್ತದೆ, ಔಷಧ ಜಾಸ್ತಿ ಇದ್ದಷ್ಟೂ ನೀಲಿ ಗಾಢ. ಈ ದಾರಿಯಲ್ಲಿ ಕೆಲವೇ ನಿಮಿಷಕ್ಕೆ ಉತ್ತರ ಸಿಗುತ್ತದೆ. ನನ್ನ ಸಮಯ ಹೋದದ್ದೆಲ್ಲ ಬೆಳಕಿನ ಭಾಗಕ್ಕಲ್ಲ, ಬೇರ್ಪಡಿಸುವುದಕ್ಕೆ. ಅಲ್ಲಿ ಸ್ವಲ್ಪ ಔಷಧ ಹಿಂದೆ ಉಳಿದರೂ ಬಣ್ಣ ತಿಳಿಯಾಗುತ್ತದೆ, ಅದನ್ನು ನಂಬಿ ಡೋಸ್ ಏರಿಸಿದರೆ ರೋಗಿಯ ಬಿಪಿ ಕುಸಿಯಬಹುದು, ಅಲ್ವಾ?

ಚಿನ್ನ, ಬೆಳ್ಳಿಯ ನ್ಯಾನೋಕಣ ಬಳಸಿ ರಾಮನ್ ಸಿಗ್ನಲ್ (ಔಷಧಕ್ಕೆ ತಾಗಿ ಚದುರಿದ ಬೆಳಕಿನಲ್ಲಿ ಕಾಣುವ ಅದರ ಗುರುತು) ಹೆಚ್ಚಿಸುವ ವಿಧಾನವೂ ಇದೆ. ಅಲ್ಲೂ ಪ್ರೋಟೀನ್ ಮೊದಲು ಬಂದು ಕಣಗಳ ಮೇಲೆ ಕೂತುಬಿಡುತ್ತದೆ.

ಮೂತ್ರದಿಂದ ಡೋಸ್ ತೀರ್ಮಾನಿಸಲು ಆಗುವುದಿಲ್ಲ. ಪ್ರೊಪೊಫಾಲ್ ಹೆಚ್ಚಾಗಿ ಲಿವರ್‌ನಲ್ಲೇ ಬೇರೆ ರೂಪಕ್ಕೆ ತಿರುಗುತ್ತದೆ, ಮೂತ್ರದಲ್ಲಿ ಮೂಲ ರೂಪದಲ್ಲಿ ಬರುವುದು ಶೇ 1ಕ್ಕಿಂತ ಕಡಿಮೆ. ಔಷಧ ಕೊಟ್ಟಿದ್ದರೋ ಇಲ್ಲವೋ ಅಂತ ಆಮೇಲೆ ತಿಳಿಯಲು ಅದು ಸರಿ.

ಮುಂದೆ ಎಲ್ಲಾದರೂ "ಸೆಕೆಂಡುಗಳಲ್ಲಿ ಅಳೆಯುವ ಸೆನ್ಸರ್" ಅಂತ ಓದಿದರೆ, ಅಳೆದದ್ದು ಉಪ್ಪುನೀರಿನಂಥ ದ್ರಾವಣದಲ್ಲೋ ನಿಜವಾದ ರಕ್ತದಲ್ಲೋ ಅಂತ ಮೊದಲು ನೋಡಿ.