ಒಳಉಡುಪು ಹೊಲಿಯೋಕೆ ಯಾವ ಎಲಾಸ್ಟಿಕ್ ತಗೋಬೇಕು? ಹಾಕಿದ್ದು ಒಂದು ಮಳೆಗಾಲಕ್ಕೇ ಸಡಿಲ ಆಗ್ತಿದೆ

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಸೊಂಟ, ತೊಡೆ ಸುತ್ತು, ಬ್ರಾದ ಕೆಳಪಟ್ಟಿ, ಭುಜದ ಪಟ್ಟಿ ಎಲ್ಲಕ್ಕೂ ಒಂದೇ ಸುರುಳಿಯ ಅರ್ಧ ಇಂಚಿನ ಬಿಳಿ ಎಲಾಸ್ಟಿಕ್ ಹಾಕಿದ್ದೇನೆ ಅಂದಿದ್ದೀರಿ. ಅದು ಪೈಜಾಮಕ್ಕೆ ಆಗುವ ಮಾಲು. ನಾನು ಹಾಸನದಲ್ಲಿ ಹೊಲಿಗೆ ಕೆಲಸ ಮಾಡುವವಳು. ಬ್ಲೌಸೇ ಹೆಚ್ಚು, ಆದರೆ ರೆಡಿಮೇಡ್ ಅಳತೆ ಕೂರದವರಿಗೆ, ಬಾಣಂತಿಯರಿಗೆ ಒಳಉಡುಪನ್ನೂ ಹೊಲಿದುಕೊಡುತ್ತೇನೆ.

ಆ ಬಿಳಿ ಎಲಾಸ್ಟಿಕ್ಕನ್ನು ಒಮ್ಮೆ ಎಳೆದು ನೋಡಿ. ಎಳೆದ ಹಾಗೆ ಅಗಲ ಕಮ್ಮಿಯಾದರೆ ಅದು ಜಡೆಯ ಹಾಗೆ ಹೆಣೆದದ್ದು. ಅದರ ಮೇಲೆ ಸೂಜಿ ಓಡಿಸಿದರೆ ಒಳಗಿನ ರಬ್ಬರ್ ಎಳೆಗಳು ತುಂಡಾಗಿ ಬಿಗಿ ಹೋಗುತ್ತದೆ. ಬಟ್ಟೆ ಮಡಚಿ ಹೊಲಿದು ಪಿನ್ನಿನಿಂದ ಒಳಗೆ ತೂರಿಸುವುದಕ್ಕೆ ಮಾತ್ರ ಅದು ಸರಿ. ಬಟ್ಟೆಗೆ ನೇರವಾಗಿ ಹೊಲಿಯಬೇಕಾದರೆ ಎಳೆದರೂ ಅಗಲ ಹಾಗೇ ಉಳಿಯುವಂಥದ್ದು ಬೇಕು. ಅದರಲ್ಲಿ ಮೆತ್ತಗಿರುವುದು ನಿಟೆಡ್, ಅಂದರೆ ಸ್ವೆಟರಿನ ಹಾಗೆ ಕುಣಿಕೆ ಹಾಕಿ ಹೆಣೆದದ್ದು, ಗಡುಸಾಗಿರುವುದು ನೇಯ್ದದ್ದು. ಮ್ಯಾಚಿಂಗ್ ಸೆಂಟರಿನಲ್ಲಿ ಈ ಹೆಸರು ಹೇಳಿದರೆ ಎಷ್ಟೋ ಸಲ ಮುಖ ನೋಡುತ್ತಾರೆ, ಆದ್ದರಿಂದ ಹೆಸರು ಬಿಟ್ಟು ಕೈಯಲ್ಲೇ ಎಳೆದು ಆರಿಸಿ.

ಅಳತೆ ಟೇಪು ಜೊತೆಗಿರಲಿ. 10 ಸೆಂ.ಮೀ. ಹಿಡಿದು ಪೂರ್ತಿ ಎಳೆಯಿರಿ, ಬಿಡಿ, ನಾಲ್ಕೈದು ಸಲ ಹಾಗೇ ಮಾಡಿ, ಮತ್ತೆ ಅಳೆಯಿರಿ. 10ಕ್ಕೇ ಬಂದು ನಿಂತರೆ ತಗೊಳ್ಳಿ. ಹತ್ತೂವರೆಗೆ ನಿಂತರೆ ಅಂಗಡಿಯವರು ಎಷ್ಟೇ ಹೊಗಳಲಿ, ವಾಪಸ್ ಇಡಿ. ಎಷ್ಟು ಹಿಗ್ಗುತ್ತದೆ ಅಂತ ಎಲ್ಲರೂ ನೋಡುತ್ತಾರೆ. ನೋಡಬೇಕಾದ್ದು ಎಷ್ಟು ವಾಪಸ್ ಬರುತ್ತದೆ ಅನ್ನುವುದು. ಒಂದು ಮಗ್ಗುಲು ಮಖಮಲ್ಲಿನ ಹಾಗೆ ಮೆತ್ತಗಿರುವುದು ಸಿಕ್ಕರೆ ಇನ್ನೂ ಒಳ್ಳೆಯದು, ಆ ಮಗ್ಗುಲು ಮೈಗೆ ತಾಗಬೇಕು.

ತೊಡೆ ಸುತ್ತಿಗೆ 6ರಿಂದ 8 ಮಿ.ಮೀ.ನ ಮೆತ್ತನೆಯದು ಸಾಕು, ಸೊಂಟಕ್ಕೆ 10–12. ಕಂಜೂಸ್ ಮಾಡಬಾರದ ಜಾಗ ಬ್ರಾದ ಕೆಳಪಟ್ಟಿ. ಎದೆಯ ಭಾರದ ಬಹುಪಾಲನ್ನು ಹೊರುವುದು ಅದೇ, ಭುಜದ ಪಟ್ಟಿಯಲ್ಲ. ಅದಕ್ಕೆ ಗಡುಸಾದ 12–18 ಮಿ.ಮೀ. ಬೇಕು, ಎದೆ ತುಂಬಿದವರಿಗೆ 20ಕ್ಕಿಂತ ಹೆಚ್ಚು. ಭುಜದ ಪಟ್ಟಿ ಕಮ್ಮಿ ಹಿಗ್ಗಬೇಕು. ನಾನಂತೂ ಮುಂದಿನ ಭಾಗವನ್ನು ಬಟ್ಟೆಯಲ್ಲೇ ಹೊಲಿದು ಹಿಂದೆ ಮಾತ್ರ ಎಲಾಸ್ಟಿಕ್ ಕೊಡುತ್ತೇನೆ. ಪೂರ್ತಿ ಎಲಾಸ್ಟಿಕ್ ಆದರೆ ಮೆಟ್ಟಿಲು ಇಳಿಯುವಾಗಲೆಲ್ಲ ಎದೆ ಕುಲುಕುತ್ತದೆ.

ಉದ್ದ ಎಷ್ಟು? ತೊಡೆ ಸುತ್ತು 55 ಸೆಂ.ಮೀ. ಇದ್ದರೆ ಸುಮಾರು 50 ಕತ್ತರಿಸಿ. ಆದರೆ ಆ ಬಿಗಿಯನ್ನು ಸುತ್ತಲೂ ಸಮನಾಗಿ ಹಂಚಬೇಡಿ. ಮುಂದೆ ಎಳೆಯದೆ ಹಾಗೇ ಇಟ್ಟು ಹೊಲಿಯಿರಿ, ಹಿಂದೆ ಮಾತ್ರ ಎಳೆದು ಹಿಡಿಯಿರಿ. ಪೃಷ್ಠದ ಕೆಳಗೆ ಬಟ್ಟೆ ಕಚ್ಚಿ ಕೂರುತ್ತದೆ, ತೊಡೆಸಂದಿನಲ್ಲಿ ಗೀರು ಬೀಳುವುದಿಲ್ಲ. ಕೆಳಪಟ್ಟಿಗೂ ಬಟ್ಟೆಗಿಂತ 10–15% ಕಮ್ಮಿ. ಕತ್ತರಿ ಹಾಕುವ ಮುಂಚೆ ಮೈಗೆ ಸುತ್ತಿ ಉಸಿರೆಳೆದು ನೋಡಿಕೊಳ್ಳಿ, ಒಂದೊಂದು ಎಲಾಸ್ಟಿಕ್ಕಿನ ಬಿಗಿ ಒಂದೊಂದು ಥರ.

ಹೊಲಿಗೆ ಜಿಗ್‌ಜಾಗ್ ಆಗಿರಲಿ, ಎರಡು ಸುತ್ತು. ನೇರ ಹೊಲಿಗೆ ಹಾಕಿದರೆ ಹಿಗ್ಗಿದಾಗ ದಾರ ಪಟ್ ಅಂತ ಹರಿಯುತ್ತದೆ. ಪಾಲಿಯೆಸ್ಟರ್ ದಾರ, 11ನೇ ನಂಬರಿನ ಬಾಲ್ ಪಾಯಿಂಟ್ (ತುದಿ ದುಂಡಗಿರುವ) ಸೂಜಿ. ನಿಮ್ಮದು ಬರೀ ನೇರ ಹೊಲಿಗೆಯ ತುಳಿಯುವ ಮೆಷಿನ್ ಆದರೆ ಸೊಂಟಕ್ಕೆ, ತೊಡೆಗೆ ತೂರಿಸುವ ವಿಧಾನವೇ ವಾಸಿ. ಮನೆಯಲ್ಲಿ ಉಳಿದಿರುವ ಬಿಳಿ ಎಲಾಸ್ಟಿಕ್ಕೂ ಖರ್ಚಾಗುತ್ತದೆ.

ಇನ್ನು ಮಳೆಗಾಲದ ವಿಷಯ. ನಿಮ್ಮ ಸಕಲೇಶಪುರದಲ್ಲಿ ಆಷಾಢ, ಶ್ರಾವಣದಲ್ಲಿ ಬಟ್ಟೆ ಒಣಗಿಸುವ ಪಾಡು ಗೊತ್ತು. ಆದರೂ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಇವನ್ನು ಹಾಕಬೇಡಿ. ಆ ಕಾವಿಗೆ ರಬ್ಬರ್ ಒಡೆಯುತ್ತದೆ, ಬೆವರು, ಕೊಬ್ಬರಿ ಎಣ್ಣೆಗೂ ಹಾಳಾಗುತ್ತದೆ. ಒಳಉಡುಪಿನ ರಬ್ಬರಿಗೆ ಬದಲಿ ಹುಡುಕುತ್ತಲೇ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ 1958ರಲ್ಲಿ ಸ್ಪ್ಯಾಂಡೆಕ್ಸ್ ಕಂಡುಹಿಡಿದದ್ದು, ನಾವು ಲೈಕ್ರಾ ಅನ್ನುತ್ತೇವಲ್ಲ, ಅದೇ. ಬೆವರಿಗೆ, ಎಣ್ಣೆಗೆ ಅದು ರಬ್ಬರಿಗಿಂತ ಚೆನ್ನಾಗಿ ತಡೆಯುತ್ತದೆ. ರಬ್ಬರ್ ತಾಗಿದರೆ ಮೈ ಕೆರೆಯುವವರಿಗೂ ಅದೇ ಸೇಫು. ಒಲೆಯ ಕಾವು ಮತ್ತು ಬ್ಲೀಚಿಂಗ್ ಪೌಡರ್ ಮಾತ್ರ ಅದಕ್ಕೂ ಆಗಿಬರುವುದಿಲ್ಲ. ಟವೆಲಿನಲ್ಲಿ ಸುತ್ತಿ ಹಿಂಡಿ, ಫ್ಯಾನ್ ಕೆಳಗೆ ಹರವಿ.

ಹಾಸನಕ್ಕೆ ಬಂದಾಗ ಕಟ್ಟಿನಕೆರೆ ಮಾರ್ಕೆಟ್ ಸುತ್ತ ವಿಚಾರಿಸಿ. ಕೆಳಪಟ್ಟಿಯ ಗಡುಸು ಮಾಲು ಸಿಗದಿದ್ದರೆ ಬೆಂಗಳೂರಿಗೆ ಹೋಗುವವರ ಕೈಲಿ ಚಿಕ್ಕಪೇಟೆಯಿಂದ ತರಿಸಿ. ಮೊದಲು ಒಂದೊಂದು ಮೀಟರ್ ಸಾಕು. ಸಡಿಲವಾದ ಬ್ರಾಗಳ ಬಟ್ಟೆ ಗಟ್ಟಿಯಿದ್ದರೆ ಬಿಸಾಡಬೇಡಿ, ಕೆಳಪಟ್ಟಿ ಬಿಚ್ಚಿ ಹೊಸದು ಹಾಕಿದರೆ ಇನ್ನೊಂದು ವರ್ಷ ಬಂದೀತು.