ಕೊರೊನಾ ಇಳಿಯಾಕತ್ತದ, ಹಿಮ ನೋಡಾಕ ಹೋಗ್ಲೇನ್ರಿ?

ಜನವರಿ 31ಕ್ಕ ನೈಟ್ ಕರ್ಫ್ಯೂ ತೆಗದ್ರೋ ಇಲ್ಲೋ, ನಮ್ಮ ಪ್ರವಾಸ ಪ್ರಶ್ನೋತ್ತರಕ್ಕ ಬಂದ ಪತ್ರ, ವಾಟ್ಸಾಪ್ ಎಲ್ಲಾ ಒಂದೇ ದಿಕ್ಕಿಗೆ ಹೊಂಟಾವ, ಹಿಮಾಚಲದ ಮನಾಲಿ, ಉತ್ತರಾಖಂಡದ ಔಲಿ, ಕಾಶ್ಮೀರದ ಗುಲ್ಮಾರ್ಗ್. 43 ಡಿಗ್ರಿ ಬಿಸಲಾಗ ಬೆಳದ ರಾಯಚೂರು, ಬಳ್ಳಾರಿ, ಕೊಪ್ಪಳ ಮಂದಿಗೆ ಇದ್ದಕ್ಕಿದ್ದಂಗ ಹಿಮದ ಹುಚ್ಚು ಹಿಡದದ. ಎರಡು ವರ್ಷ ಮನ್ಯಾಗ ಕುಂತೀವಲ್ಲ, ಹಿಡೀಲಿ ಬಿಡ್ರಿ. ಈ ಫೆಬ್ರವರಿ 2022ರ ಸಂಚಿಕ್ಯಾಗ ಅದಕ್ಕಷ್ಟೇ ಉತ್ತರ, ಗೋವಾ ಬಗ್ಗೆ ಕೇಳಿದವ್ರು ಮುಂದಿನ ತಿಂಗಳ ತನ ತಡೀರಿ.

ಪ್ರಶ್ನೆ: ಸರ್ ನಮಸ್ಕಾರ. ನಾನು ಬ್ಯಾಂಕ್ ನೌಕರ, ಎಲ್‌ಟಿಸಿ (ಆಫೀಸಿನವ್ರು ಕೊಡೋ ಪ್ರವಾಸದ ಸವಲತ್ತು) ಹಂಗೇ ಉಳದದ. ಫೆಬ್ರವರಿ ಕೊನಿಗೆ ಮನಾಲಿ, ಅದರ ಹತ್ರದ ಸೋಲಂಗ್ ಹೋಗಿ ಮಕ್ಕಳಿಗೆ ಹಿಮ ತೋರಸ್ಬೇಕು, ಆಗೋದಾದ್ರ ಸ್ಕೀಯಿಂಗ್ (ಕಾಲಿಗೆ ಪಟ್ಟಿ ಕಟ್ಕೊಂಡು ಹಿಮದ ಮ್ಯಾಲ ಜಾರೋದು) ಮಾಡಸ್ಬೇಕು ಅಂತ ಮಾಡೀನಿ, ಮಾರ್ಚ್ ಬಂದ್ರ ಪರೀಕ್ಷೆ ಶುರು ಆಗ್ತಾವ. ನಾವಿಬ್ರೂ ಎರಡೂ ಡೋಸ್ ಹಾಕ್ಕೊಂಡೀವಿ. ಮಗಳಿಗೆ 11, ಮಗಗ 7, ಅವರಿಗೆ ಲಸಿಕಿ ಇಲ್ಲ. ನಮ್ಮ ಅವ್ವಗ 68, ಶುಗರ್ ಬಿಪಿ ಎರಡೂ ಅದಾವ, ಆಕಿನೂ ಬರ್ತೀನಿ ಅಂತ ಹಟ ಹಿಡದಾಳ. ಹೋಗ್ಲೋ ಬ್ಯಾಡೋ, ಒಂದೇ ಮಾತಿನ್ಯಾಗ ಹೇಳ್ರಿ. (ಸಿಂಧನೂರು)

ಉತ್ತರ: ಒಂದೇ ಮಾತಿನ್ಯಾಗ ಅಂದ್ರ ನೀವು ನಾಲ್ಕು ಮಂದಿ ಹೋಗ್ರಿ, ಅವ್ವಾರನ್ನ ಈ ಸಲ ಕರ್ಕೊಂಡು ಹೋಗಬ್ಯಾಡ್ರಿ. ಆದ್ರ ಒಂದೇ ಮಾತಿಗೆ ಮುಗಿಯೋ ವಿಷಯ ಅಲ್ಲ ಇದು.

ಆಸ್ಟ್ರಿಯಾ ದೇಶದಾಗ ಇಶ್‌ಗಲ್ ಅಂತ ಒಂದು ಸಣ್ಣ ಸ್ಕೀ ಊರು ಅದ. 2020ರ ಮಾರ್ಚ್‌ನ್ಯಾಗ ಅಲ್ಲಿಗೆ ರಜಾಕ್ಕ ಹೋದವ್ರು ಯುರೋಪಿನ ಎಷ್ಟೋ ದೇಶಕ್ಕ ಕೊರೊನಾ ಹೊತ್ಕೊಂಡು ವಾಪಸ್ ಹೋದ್ರು. ಮಾರ್ಚ್ 5ಕ್ಕೇ ಐಸ್‌ಲ್ಯಾಂಡಿನವ್ರು ಆ ಊರು ಅಪಾಯದ ಜಾಗ ಅಂತ ಹೇಳಿದ್ರೂ ಕಣಿವಿ ಬಂದ್ ಮಾಡಿದ್ದು 13ಕ್ಕ. ಆಮ್ಯಾಲ ಇನ್ಸ್‌ಬ್ರುಕ್ ಮೆಡಿಕಲ್ ಯೂನಿವರ್ಸಿಟಿಯವ್ರು ಊರ ಮಂದಿ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕ 42.4 ಮಂದಿ ಮೈಯಾಗ ಆಂಟಿಬಾಡಿ ಸಿಕ್ಕವು. ಈಗ ನೋಡ್ರಿ, ಅದು ಅಷ್ಟು ಹಬ್ಬಿದ್ದು ಬಯಲಾಗ ಹಿಮದ ಮ್ಯಾಲ ಜಾರಿದ್ದಕ್ಕಲ್ಲ. ಸಂಜಿಗೆ ಬಾರ್‌ನ್ಯಾಗ ಬಾಗಲಾ ಕಿಟಕಿ ಹಾಕ್ಕೊಂಡು, ಮೈಗೆ ಮೈ ಹತ್ತಿ, ಹಾಡ್ಕೊಂತ ಒದರ್ಕೊಂತ ಕುಡದ್ರಲ್ಲ, ಅಲ್ಲಿ ಹಬ್ಬಿತು. ಅಂದ್ರ ಗುಡ್ಡದ ಮ್ಯಾಲ ನಿಮ್ಮ ಮಕ್ಕಳು ಬಿದ್ದು ಎದ್ದು ಆಡೋ ಆ ಎರಡು ತಾಸು ಇದ್ದದ್ರಾಗ ಸೇಫು, ಉಳದ 22 ತಾಸಿಂದು ಲೆಕ್ಕ ಹಾಕ್ರಿ.

ಮೊದಲು ಪ್ರಯಾಣ. ರಾಯಚೂರಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹಿಡದ್ರ ಸೀದಾ ದಿಲ್ಲಿ, ಮನಿಯಿಂದ ಬುತ್ತಿ ಕಟ್ಕೊಂಡು ಹೋದ್ರ ಊಟದ ಚಿಂತಿನೂ ಇಲ್ಲ, ಖಡಕ್ ರೊಟ್ಟಿ ಶೇಂಗಾ ಚಟ್ನಿ ಎಷ್ಟು ದಿನ ಇಟ್ರೂ ಕೆಡಂಗಿಲ್ಲ. ದಿಲ್ಲಿಂದ ಮುಂದ ಎಲ್ಲಾರೂ ರಾತ್ರಿ ವೋಲ್ವೋ ಹತ್ತತಾರ, ನಾನು ಬ್ಯಾಡ ಅನ್ನೋದು ಅಲ್ಲೇ. 12-14 ತಾಸು, ಕಿಟಕಿ ತೆಗಿಯಾಕ ಬರಂಗಿಲ್ಲ, ನಲವತ್ತು ಮಂದಿ, ಅರ್ಧ ಮಂದಿ ಮಾಸ್ಕ್ ಗದ್ದಕ್ಕ ಇಳಿಸಿ ಗೊರಕಿ ಹೊಡೀತಿರ್ತಾರ. ಅದ್ರ ಬದ್ಲಿ ಚಂಡೀಗಢಕ್ಕ ರೈಲಿಗೆ ಹೋಗಿ ಅಲ್ಲಿಂದ ನಿಮ್ಮಷ್ಟಕ್ಕ ಒಂದು ಟ್ಯಾಕ್ಸಿ ಮಾಡ್ರಿ, 300 ಕಿಲೋಮೀಟರ್ ಆಗ್ತದ, ರೊಕ್ಕ ಜಾಸ್ತಿ ಖರೇ, ಅದಕ್ಕೇ ಹೋಟೆಲ್‌ನ್ಯಾಗ ಒಂದು ರಾತ್ರಿ ಕಮ್ಮಿ ಮಾಡ್ರಿ ಅಂತೀನಿ. ಟ್ಯಾಕ್ಸಿ ಕಿಟಕಿ ಎರಡು ಬಟ್ಟು ಇಳಿಸೇ ಇಡ್ರಿ. ಚಳಿ ಹೊಡೀತದ ಅಂತ ಡ್ರೈವರ್ ಗೊಣಗ್ತಾನ, ಗೊಣಗಲಿ.

ಆಮ್ಯಾಲ ರೂಮು. ಇದನ್ನ ಸ್ವಲ್ಪ ಲಕ್ಷ ಕೊಟ್ಟು ಓದ್ರಿ, ಯಾಕಂದ್ರ ಇದು ಕೊರೊನಾಕ್ಕಷ್ಟೇ ಸಂಬಂಧಪಟ್ಟಿದ್ದಲ್ಲ. 2020ರ ಜನವರಿಯೊಳಗ ಕೇರಳದಿಂದ ನೇಪಾಳಕ್ಕ ಟೂರ್ ಹೋದವ್ರು ದಾಮನ್ ಅನ್ನೋ ಗುಡ್ಡದ ಊರಾಗ ಚಳಿ ತಡೀಲಾರ್ದ ಎಂಟು ಮಂದಿ ಒಂದೇ ರೂಮಿನ್ಯಾಗ ಗ್ಯಾಸ್ ಹೀಟರ್ ಹಚ್ಕೊಂಡು ಮಲಗಿದ್ರು, ಕಿಟಕಿ ಎಲ್ಲಾ ಬಂದ್, ಬಾಗಲಾ ಒಳಗಿಂದ ಚಿಲಕ. ಬೆಳಿಗ್ಗೆ ಒಬ್ರೂ ಏಳ್ಲಿಲ್ಲ, ಅದರಾಗ ನಾಲ್ಕು ಮಂದಿ ಮಕ್ಕಳು. ಮುಚ್ಚಿದ ರೂಮಿನ್ಯಾಗ ಗ್ಯಾಸ್, ಇದ್ದಲಿ ಉರದ್ರ ಕಾರ್ಬನ್ ಮೋನಾಕ್ಸೈಡ್ ಅನ್ನೋ ವಿಷದ ಗಾಳಿ ತುಂಬ್ಕೊಂತದ, ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ, ನಿದ್ದ್ಯಾಗ ಗೊತ್ತೇ ಆಗಂಗಿಲ್ಲ. ನಾವು ಬಯಲುಸೀಮಿ ಮಂದಿ ರಾತ್ರಿ ಮಾಳಗಿ ಮ್ಯಾಲ ಮಲಗಿ ಬೆಳದವ್ರು, ಮುಚ್ಚಿದ ರೂಮಿನ್ಯಾಗ ಬೆಂಕಿ ಇಟ್ಕೊಂಡು ಮಲಗೋ ರೂಢಿನೇ ಇಲ್ಲ, ಅದಕ್ಕ ಅದರ ಹೆದರಿಕಿನೂ ಇಲ್ಲ. ರೂಮ್ ಬುಕ್ ಮಾಡುವಾಗ ಕರೆಂಟಿನ ಹೀಟರ್ ಅದನೋ ಇಲ್ಲೋ ಫೋನ್ ಮಾಡಿ ಕೇಳ್ರಿ. ಇದ್ದಲಿ ಅಂಗೀಠಿ, ಗ್ಯಾಸ್ ಹೀಟರ್ ಕೊಡ್ತೀವಿ ಅಂದ್ರ ಬ್ಯಾರೆ ಹೋಟೆಲ್ ನೋಡ್ರಿ. ಕರೆಂಟಿನ ಹೀಟರ್ ಇದ್ರೂ ಕಿಟಕಿ ಒಂದು ಬೊಟ್ಟು ತೆರದಿರ್ಲಿ, ಅದೇ ಸಂದಿ ಕೊರೊನಾ ಗಾಳಿನೂ ಹೊರಗ ಹಾಕ್ತದ.

ಇನ್ನ ಅವ್ವಾರ ಮಾತು. ಸಿಂಧನೂರಿಂದ ಸೀದಾ 2,050 ಮೀಟರ್ ಮನಾಲಿಗೆ ಏರೋದು, ಅಲ್ಲಿಂದ ಸೋಲಂಗ್ 2,500 ಮೀಟರ್ ಚಿಲ್ಲರ. ತಲಿನೋವು, ವಾಕರಿಕಿ, ಸುಸ್ತು, ನಿದ್ದಿ ಬರಲಾರದ್ದು, ಇವು ಎತ್ತರದ ತೊಂದ್ರಿ. ತಲಿನೋವು, ಸುಸ್ತು, ಮೈಕೈ ನೋವು ಕೊರೊನಾದೂ ಹೌದು. 68 ವಯಸ್ಸಿನ ಶುಗರ್ ಇದ್ದವರಿಗೆ ಅಲ್ಲಿ ತಲಿ ನೋಯಾಕತ್ತಿದ್ರ ಯಾವುದು ಅಂತ ತಿಳೀತೀರಿ? ಹಿಮ ಬಿದ್ದು ರಸ್ತೆ ಬಂದ್ ಆದ್ರ ಕೆಳಗ ಹೆಂಗ ಇಳಿಸ್ತೀರಿ? ಅವರದು ಎರಡನೇ ಡೋಸ್ ಆಗಿ 9 ತಿಂಗಳು ಆಗಿದ್ರ ಈ 2022ರ ಜನವರಿ 10ರಿಂದ ಮುನ್ನೆಚ್ಚರಿಕೆ ಡೋಸ್ (ಮೂರನೇ ಲಸಿಕಿ) ಕೊಡಾಕತ್ತಾರ, ಸಿಂಧನೂರು ಆಸ್ಪತ್ರ್ಯಾಗ ಅದನ್ನ ಮೊದಲು ಹಾಕಸ್ರಿ, ಆಮ್ಯಾಲ ನೀವು ಹೊಂಡ್ರಿ. ಬಿಟ್ಟು ಹೋದ್ರ ಸಿಟ್ಟಾಗ್ತಾರ ಅನ್ನೋದು ಖರೇ. ದೀಪಾವಳಿ ಹೊತ್ತಿಗೆ ಕಾಶಿಗೆ ಕರ್ಕೊಂಡು ಹೋಗ್ತೀನಂತ ಹೇಳ್ರಿ, ಬರೇ ಹೇಳಬ್ಯಾಡ್ರಿ, ಹೋಗ್ರಿ.

ಇದಕ್ಕೇ ಹೊಂದಿ ಒಂದು ಮಾತು. ಕೊರೊನಾ ಎರಡನೇ ಅಲೆಯಾಗ ಎಲ್ಲಾರೂ ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದಾಗಿನ ಆಕ್ಸಿಜನ್ ನೋಡೋ ಮಷೀನ್) ಕೊಂಡೀರಿ, ಅದನ್ನ ಬ್ಯಾಗಿಗೆ ಹಾಕ್ಕೊಂಡೇ ಹೋಗ್ತೀರಿ ಗೊತ್ತದ. ಅಲ್ಲಿ 92-93 ತೋರಸ್ತಂದ್ರ ತಕ್ಷಣ ಊರಿಗೆ ಫೋನ್ ಹಚ್ಚಬ್ಯಾಡ್ರಿ, ಎತ್ತರದಾಗ ಆಕ್ಸಿಜನ್ ಒಂದಷ್ಟು ಕಮ್ಮಿ ಬರೋದು ಸಹಜ. ಅದಕ್ಕಿಂತ ದೊಡ್ಡ ಗೊಂದಲ ಅಂದ್ರ ಬೆರಳು. ಹಿಮ ಮುಟ್ಟಿ ಬಂದ ಕೈ ಮರಗಟ್ಟಿರ್ತದ, ಬೆರಳಿಗೆ ರಕ್ತ ಸರಿಯಾಗಿ ಬಂದಿರಂಗಿಲ್ಲ, ಮಷೀನ್ 80 ತೋರಸ್ತದ, ಒಮ್ಮೊಮ್ಮೆ ಬರೇ ಗೆರಿ. ಉಗುರಿಗೆ ಬಣ್ಣ, ಮೆಹಂದಿ ಇದ್ರೂ ಒಮ್ಮೊಮ್ಮೆ ಹಂಗೇ. ಎರಡೂ ಅಂಗೈ ತಿಕ್ಕಿ, ಚಹಾದ ಕಪ್ ಹಿಡ್ಕೊಂಡು ಬೆಚ್ಚಗ ಮಾಡ್ಕೊಂಡು, ಐದು ನಿಮಿಷ ಸುಮ್ನ ಕುಂತು ಆಮ್ಯಾಲ ಬೆರಳು ಇಡ್ರಿ. ಆಗೂ ಭಾಳ ಕಮ್ಮಿನೇ ಬಂತು, ಇಲ್ಲಾ ದಮ್ಮು ಹತ್ತಾಕತ್ತು ಅಂದ್ರ ತಡ ಮಾಡಬ್ಯಾಡ್ರಿ, ಕೆಳಗ ಇಳೀರಿ, ಡಾಕ್ಟರಿಗೆ ತೋರಸ್ರಿ.

ಪ್ರಶ್ನೆ: ಅಣ್ಣಾ, ನಮ್ದು ಬಳ್ಳಾರಿಯಾಗೆ ಜೀನ್ಸ್ ಹೊಲಿಯೋ ಯೂನಿಟ್ ಐತೆ. ಲಾಕ್‌ಡೌನ್‌ನಾಗೆ ಆರ್ಡರ್ ಇಲ್ದೆ ಸ್ಟಾಕ್ ಹಂಗೇ ಬಿದ್ದೈತೆ. ನಾವು ಮೂರು ಜೋಡಿ ಮನಾಲಿಗೆ ಹೋಗ್ತಿದೀವಿ, ಒಂದರ ಮೇಲೊಂದು ಎರಡು ಜೀನ್ಸ್ ಹಾಕ್ಕೊಂಡ್ರೆ ಚಳಿ ತಡಿಯಲ್ವಾ? ಅಲ್ಲಿ ಬಾಡಿಗೆ ಡ್ರೆಸ್ ಕೊಡ್ತಾರಂತೆ, ಯಾರ್ಯಾರೋ ಹಾಕಿದ್ದು, ಕೊರೊನಾ ಹತ್ತಲ್ವಾ? (ಬಳ್ಳಾರಿ)

ಉತ್ತರ: ಸ್ವಂತ ಫ್ಯಾಕ್ಟರಿ ಮಾಲು ಅಂತ ಎಷ್ಟು ಅಭಿಮಾನ ನೋಡ್ರಿ! ಇಲ್ರಿ ಅಣ್ಣಾರ, ಎರಡಲ್ಲ ನಾಲ್ಕು ಹಾಕ್ಕೊಂಡ್ರೂ ಆಗಂಗಿಲ್ಲ. ಜೀನ್ಸ್ ಅಂದ್ರ ಹತ್ತಿ, ಹತ್ತಿ ನೀರು ಕುಡೀತದ. ಹಿಮದಾಗ ಒಮ್ಮೆ ಕುಂಡಿ ಊರಿ ಬಿದ್ರಿ ಅಂದ್ರ ತೊಯ್ದು, ಗಾಳಿಗೆ ಮೊಣಕಾಲ ತನ ಹಪ್ಪಳದಂಗ ಬಿರುಸಾಗ್ತದ, ಮೈ ಬಿಸಿ ಎಲ್ಲಾ ಎಳ್ಕೊಂಡು ಹೋಗ್ತದ. ಮೈಗೆ ಹತ್ತೋದು ಥರ್ಮಲ್ ಅನ್ನೋ ಬೆಚ್ಚನ ಒಳ ಅರಿವಿ, ಅದರ ಮ್ಯಾಲ ಉಣ್ಣಿ ಸ್ವೆಟರ್, ಎಲ್ಲಾದಕ್ಕಿಂತ ಮ್ಯಾಲ ನೀರು ಇಳೀಲಾರದ್ದು. ಉಣ್ಣಿ ತೊಯ್ದ್ರೂ ಒಂದಷ್ಟು ಬೆಚ್ಚಗ ಇರ್ತದ, ನಮ್ಮ ಕುರಿ ಕಾಯೋರು ಮಳ್ಯಾಗ ಕಂಬಳಿ ಹೊತ್ಕೊಂಡು ನಿಲ್ಲೋದು ಸುಮ್ಸುಮ್ನ ಅಲ್ಲ.

ಮನಾಲಿಂದ ಸೋಲಂಗ್ ದಾರ್ಯಾಗ ಬಾಡಿಗಿ ಡ್ರೆಸ್ಸಿನ ಅಂಗಡಿ ಸಾಲಿಗೆ ಅದಾವ, ಪ್ರತಿ ಅಂಗಡಿಗೂ ನಂಬರ್ ಇರ್ತದ, ಟ್ಯಾಕ್ಸಿ ಡ್ರೈವರ್ ತನಗ ಗೊತ್ತಿದ್ದ ನಂಬರಿಗೇ ನಿಲ್ಲಸ್ತಾನ, ಅಲ್ಲೇ ತಗೋಬೇಕಂತ ಏನೂ ಇಲ್ಲ, ಮುಂದ ಹೋಗಿ ಚೌಕಾಸಿ ಮಾಡ್ರಿ. ಬಟ್ಟಿಯಿಂದ ಕೊರೊನಾ ಬರೋದು ಭಾಳ ಅಪರೂಪ, ಅದಕ್ಕಿಂತ ಆ ಸಣ್ಣ ಅಂಗಡ್ಯಾಗ ಇಪ್ಪತ್ತು ಮಂದಿ ಒಬ್ಬರ ಮ್ಯಾಲ ಒಬ್ಬರು ಬಿದ್ದು ಬೂಟಿನ ಸೈಜ್ ಹುಡುಕ್ತಾರಲ್ಲ, ಅಲ್ಲಿ ಮಾಸ್ಕ್ ಹಾಕ್ರಿ. ಒಬ್ಬರು ಒಳಗ ಹೋಗಿ ಎಲ್ಲಾರ ಸೈಜ್ ಹೇಳಿ ತಂದ್ರ ಇನ್ನೂ ಛಲೋ. ಟೊಪ್ಪಿಗಿ, ಕೈಗವಸು, ಸಾಕ್ಸ್ ಮಾತ್ರ ನಿಮ್ಮವೇ ಒಯ್ರಿ, ಕೊರೊನಾಕ್ಕಲ್ಲ, ಹೊಲಸಿಗೆ. ಮಾಸ್ಕ್ ಒಬ್ಬರಿಗೆ ದಿನಕ್ಕ ಮೂರು ಬೇಕು, ಯಾಕಂದ್ರ ಚಳ್ಯಾಗ ಉಸಿರಿನ ಹಬಿಗೆ ಮಾಸ್ಕ್ ಒದ್ದಿ ಆಗ್ತದ, ಒದ್ದಿ ಮಾಸ್ಕ್ ಮೂಗಿಗೆ ಹತ್ಕೊಂಡು ಉಸಿರಾಡಾಕ ತ್ರಾಸು, ಕೆಲಸನೂ ಸರಿಯಾಗಿ ಮಾಡಂಗಿಲ್ಲ. ಕಪ್ಪು ಕನ್ನಡಕ ಮರೀಬ್ಯಾಡ್ರಿ, ಹಿಮದ ಮ್ಯಾಲಿಂದ ಪುಟಿದು ಬರೋ ಬಿಸಲು ಬಳ್ಳಾರಿ ಬಿಸಲಿಗಿಂತ ಕಣ್ಣಿಗೆ ಕೆಟ್ಟದ್ದು.

ಪ್ರಶ್ನೆ: ಸರ್, ನಮ್ಮನೆಯವ್ರು ಔಲಿ ಬುಕ್ ಮಾಡ್ಯಾರ. ನನಗ ಮನಸಿಗೆ ಸಮಾಧಾನ ಇಲ್ರಿ. ಮಂದಿ ಸಾಯಾಕತ್ತಾಗ ನಾವು ಮೋಜು ಮಾಡಾಕ ಹೋಗೋದು ಸರಿ ಐತೇನು? ಮತ್ತ ಅಲ್ಲಿ ಹೋದಮ್ಯಾಲ ಪಾಸಿಟಿವ್ ಬಂದ್ರ ಏನ್ ಮಾಡೂದು? (ಗಂಗಾವತಿ)

ಉತ್ತರ: ಅಕ್ಕಾರ, ನಿಮ್ಮ ಊರ ಪಕ್ಕದ ಆನೆಗೊಂದಿ, ಸಾಣಾಪುರ ಕಡೆ ಹೋಂಸ್ಟೇ ಇಟ್ಟವರನ್ನ ಕೇಳ್ರಿ, ಎರಡು ವರ್ಷ ಪ್ರವಾಸಿಗರು ಬರಲಾರದಕ್ಕ ಅವರ ಮನಿ ಒಲಿ ಹೆಂಗ ಉರೀತು ಅಂತ. ಗುಡ್ಡದ ಮಂದಿದೂ ಅದೇ ಪಾಡು, ನೀವು ಹೋಗೋದು ಅವರಿಗೆ ಬೇಕು. ಆದ್ರ ಅದರ ಇನ್ನೊಂದು ಮುಖನೂ ಅದ. 2020ರ ನವೆಂಬರ್‌ನ್ಯಾಗ ಹಿಮಾಚಲದ ಲಾಹೌಲ್‌ನ ಥೋರಂಗ್ ಅನ್ನೋ ಸಣ್ಣ ಹಳ್ಯಾಗ ಒಬ್ಬರನ್ನ ಬಿಟ್ಟು ಇದ್ದವರಿಗೆಲ್ಲಾ ಪಾಸಿಟಿವ್ ಬಂತು. ಅಂಥಲ್ಲಿ ದೊಡ್ಡ ಆಸ್ಪತ್ರಿ ಇರಂಗಿಲ್ಲ, ಚಳಿಗಾಲದಾಗ ದಾರಿನೂ ಇರಂಗಿಲ್ಲ. ನಿಮ್ಮ ಅಳುಕು ಅಲ್ಲಿ ಉಪಯೋಗಕ್ಕ ಬರ್ಲಿ. ಹೊಂಡೋ ಹಿಂದಿನ ದಿನ ಮೆಡಿಕಲ್ ಶಾಪ್‌ನ್ಯಾಗ ಸಿಗೋ ಕೊರೊನಾ ಟೆಸ್ಟ್ ಕಿಟ್ ತಂದು ಮನ್ಯಾಗೇ ಟೆಸ್ಟ್ ಮಾಡ್ಕೋರಿ, ಮನ್ಯಾಗ ಒಬ್ಬರಿಗೆ ಗಂಟಲು ಕೆರದ್ರೂ ಟಿಕೆಟ್ ರೊಕ್ಕ ಹೋದ್ರ ಹೋಗ್ಲಿ ಅಂತ ನಿಲ್ರಿ. ನಿಮ್ಮವರು ಕೇಳಂಗಿಲ್ಲ, ಕೇಳಸ್ರಿ.

ಅಲ್ಲಿ ಪಾಸಿಟಿವ್ ಬಂದ್ರ ಈ 2022ರ ಜನವರಿ ನಿಯಮದ ಪ್ರಕಾರ 7 ದಿನ ಐಸೋಲೇಶನ್ (ಬ್ಯಾರೆ ರೂಮಿನ್ಯಾಗ ಒಬ್ಬರೇ ಇರೋದು), ಕೊನಿ ಮೂರು ದಿನ ಜ್ವರ ಇರಬಾರದು. ಆ ಏಳು ದಿನದ ರೂಮ್ ಬಾಡಿಗಿ, ಊಟ ಯಾರು ಕೊಡ್ತಾರ? ನೀವೇ. ಅಷ್ಟು ರೊಕ್ಕ ಬ್ಯಾರೆ ಎತ್ತಿಟ್ಕೊಂಡೇ ಹೊಂಡ್ರಿ, ಶುಗರ್ ಬಿಪಿ ಗುಳಿಗಿ ಇದ್ರ ಎರಡು ವಾರದ್ದು ಹೆಚ್ಚಿಗಿ ಒಯ್ರಿ. ಹೋಟೆಲಿನವ್ರಿಗೆ ಫೋನ್ ಮಾಡಿ ತಾರೀಕು ಮುಂದ ಹಾಕಾಕ ಬರ್ತದೇನು, ಪಾಸಿಟಿವ್ ಬಂದವರನ್ನ ಇಟ್ಕೊಂತಾರೇನು, ಎರಡೂ ಕೇಳಿ ವಾಟ್ಸಾಪ್‌ನ್ಯಾಗ ಬರಸ್ಕೋರಿ. ಬಾಯಿಮಾತಿಗೆ ಎಲ್ಲಾರೂ ಹೂಂ ಅಂತಾರ. ಲಸಿಕಿ ಸರ್ಟಿಫಿಕೇಟ್ ಮೊಬೈಲ್‌ನ್ಯಾಗಷ್ಟೇ ಇಡಬ್ಯಾಡ್ರಿ, ಚಳಿಗೆ ಬ್ಯಾಟರಿ ಬೇಗ ಇಳೀತದ, ಪ್ರಿಂಟ್ ಒಯ್ರಿ.

ಪ್ರಶ್ನೆ: ಎರಡು ದಿನದಾಗ ಸ್ಕೀಯಿಂಗ್ ಕಲಿಯಾಕ ಬರ್ತೈತೇನ್ರಿ? ಸೋಲಂಗ್, ಔಲಿ, ಗುಲ್ಮಾರ್ಗ್, ಯಾವುದು ಛಲೋ? (ಕೊಪ್ಪಳ)

ಉತ್ತರ: ಬೀಳೋದು ಕಲೀತೀರಿ. ತಮಾಷಿ ಅಲ್ರಿ, ಮೊದಲ ಪಾಠನೇ ಅದು, ಹಿಂದಕ್ಕ ಬೀಳ್ದ ಮಗ್ಗಲಿಗೆ ಬೀಳ್ಬೇಕು, ಎದ್ದು ಸ್ಕೀ ಮುಂದಿನ ತುದಿ ಎರಡೂ ಹತ್ರ ತಂದು ಹಿಮ್ಮಡ ಅಗಲ ಮಾಡಿ ಬ್ರೇಕ್ ಹಾಕ್ಬೇಕು. ಮಕ್ಕಳು ಇದನ್ನ ದೊಡ್ಡವರಿಗಿಂತ ಲಗೂ ಕಲೀತಾರ. ಸೋಲಂಗ್‌ನ್ಯಾಗ ಒಬ್ಬ ಹುಡುಗ ಕೈ ಹಿಡದು ಹತ್ತು ಮಾರು ಜಾರಸಿ ಫೋಟೋ ತಗದು ಕೊಡ್ತಾನ, ಅದಕ್ಕ ಸ್ಕೀಯಿಂಗ್ ಅನ್ನಬ್ಯಾಡ್ರಿ, ಆದ್ರ ಮಜಾ ಅದ. ಖರೇನ ಕಲೀಬೇಕಂದ್ರ ಔಲಿ, ಅಲ್ಲಿ ಸರ್ಕಾರದ ಗಢವಾಲ್ ಮಂಡಲ್ ವಿಕಾಸ್ ನಿಗಮದವ್ರು 7 ದಿನ, 14 ದಿನದ ಕೋರ್ಸ್ ನಡಸ್ತಾರ, 2022ರಾಗ ಜೋಶಿಮಠದಿಂದ ಮ್ಯಾಲಕ್ಕ 4 ಕಿಲೋಮೀಟರ್ ರೋಪ್‌ವೇನೂ ಇತ್ತು. ಗುಲ್ಮಾರ್ಗ್ ಗೊಂಡೋಲಾ (ಹಗ್ಗದ ಮ್ಯಾಲ ಹೋಗೋ ಕ್ಯಾಬಿನ್) ಎರಡನೇ ಹಂತ 3,980 ಮೀಟರ್ ಹತ್ರ ಒಯ್ದು ಬಿಡ್ತದ, ಊರು ಮುಟ್ಟಿದ ದಿನಾನೇ ಅಲ್ಲಿಗೆ ಹೋಗಬ್ಯಾಡ್ರಿ, ಒಂದೆರಡು ದಿನ ಕೆಳಗ ಇದ್ದು ಮೈ ಹೊಂದಿಸ್ಕೊಂಡು ಹೋಗ್ರಿ, ಎದಿ ತೊಂದ್ರಿ ಇದ್ದವ್ರು ಮೊದಲ ಹಂತಕ್ಕೇ ಸಾಕು ಅನ್ರಿ. ಕ್ಯಾಬಿನ್‌ನ್ಯಾಗ ಆರು ಮಂದಿ ಕೂಡ್ತಾರ, ಮನಿ ಮಂದಿನೇ ಒಂದು ಕ್ಯಾಬಿನ್ ಹಿಡೀರಿ. ಮನಾಲಿ ಮ್ಯಾಲಿನ ರೊಹ್ತಾಂಗ್ ಪಾಸ್ (ಎತ್ತರದ ಗುಡ್ಡದ ದಾರಿ) ತೋರಸ್ತೀನಿ ಅಂತ ಯಾರರ ಈಗ ಅಂದ್ರ ನಂಬಬ್ಯಾಡ್ರಿ, ಫೆಬ್ರವರಿಯಾಗ ಅದು ಹಿಮದಾಗ ಮುಚ್ಚಿರ್ತದ. ದಾರಿ ತೆರದಿದ್ರ ಅಟಲ್ ಟನಲ್ ದಾಟಿ ಆಚಿ ಕಡೆ ಸಿಸ್ಸು ತನ ಹೋಗಿ ಬರಬಹುದು, 9 ಕಿಲೋಮೀಟರ್ ಸುರಂಗ, ಮಕ್ಕಳಿಗೆ ಅದೇ ಒಂದು ಮೇಳ.

ಪ್ರಶ್ನೆ: ವಾಪಸ್ ಬಂದ ಮ್ಯಾಲ ಎಷ್ಟು ದಿನ ಮನ್ಯಾಗ ಕೂಡ್ಬೇಕ್ರಿ? ಅಜ್ಜ ಅಮ್ಮ ಜೊತಿಗೇ ಇರ್ತಾರ. (ರಾಯಚೂರು)

ಉತ್ತರ: ಸರ್ಕಾರ ಕೂಡ್ರಿ ಅನ್ನಂಗಿಲ್ಲ, ನಾನು ಅಂತೀನಿ. ಒಮೈಕ್ರಾನ್ ಅನ್ನೋ ಕೊರೊನಾ ತಳಿ ಹತ್ತಿದ್ರ ಹೆಚ್ಚಿನ ಮಂದಿಗೆ ಮೂರು ದಿನದ ಆಸುಪಾಸು ಗೊತ್ತಾಗ್ತದ, ಅದಕ್ಕ ಐದು ದಿನ ಮಾಳಗಿ ಮ್ಯಾಲಿನ ರೂಮಿನ್ಯಾಗ ಇರ್ರಿ, ಊಟದ ತಾಟು ಬ್ಯಾರೆ, ಕೊನಿ ದಿನ ಒಂದು ಕಿಟ್ ಟೆಸ್ಟ್. ಮೊಮ್ಮಕ್ಕಳು ಓಡಿ ಹೋಗಿ ಅಜ್ಜನ ತೊಡಿ ಮ್ಯಾಲ ಕುಂದರ್ತಾವ, ಅದಕ್ಕ ಆ ಐದು ದಿನ ಅಜ್ಜ ಅಮ್ಮನ್ನೇ ಅತ್ತಿ ಮನಿಗೋ ಕಾಕಾನ ಮನಿಗೋ ಕಳಿಸಿದ್ರ ಎಲ್ಲಾರಿಗೂ ಹಗುರ.