ಅಂಬಾಸಿಡರ್‌ಗೆ ಇಸುಜು ಡೀಸೆಲ್ ಇಂಜಿನ್ ಹಾಕಿಸಿದ ಮೇಲೆ ಒಳಗೆಲ್ಲಾ ನಡುಕ: ಯಾವ ಮೌಂಟಿಂಗ್ ಹಾಕಬೇಕು?

ನಿಮ್ಮ ಪ್ರಶ್ನೆ ಇಷ್ಟು: ಹಳೇ ಅಂಬಾಸಿಡರ್‌ನ 1.5 ಪೆಟ್ರೋಲ್ ಇಂಜಿನ್ ತೆಗೆಸಿ 2.0 ಇಸುಜು ಡೀಸೆಲ್ ಹಾಕಿಸಿದ್ದೀರಿ. ಸಿಗ್ನಲ್‌ನಲ್ಲಿ ನಿಂತರೆ ಸೀಟು, ಸ್ಟೇರಿಂಗ್, ಕನ್ನಡಿ ಎಲ್ಲಾ ನಡುಗುತ್ತವೆ. ಮೆಕ್ಯಾನಿಕ್ "ಗಟ್ಟಿ ಪಾಲಿಯುರೇಥೇನ್ ಮೌಂಟಿಂಗ್ ಹಾಕೋಣ" ಅಂತಿದ್ದಾರೆ. (ಮೌಂಟಿಂಗ್ ಅಂದರೆ ಇಂಜಿನ್‌ಗೂ ಕಾರಿನ ಬಾಡಿಗೂ ನಡುವೆ ಕೂರುವ ಮೆತ್ತೆ, ಪಾಲಿಯುರೇಥೇನ್ ಅಂದರೆ ರಬ್ಬರಿನಂಥ ಒಂದು ಪ್ಲಾಸ್ಟಿಕ್.)

ದಯವಿಟ್ಟು ಹಾಕಿಸಬೇಡಿ. ಇಂಜಿನ್ ಅಲುಗದ ಹಾಗೆ ಬಿಗಿಯಾಗಿ ಹಿಡಿದರೆ ನಡುಕ ನಿಲ್ಲುವುದಿಲ್ಲ, ನೇರವಾಗಿ ಕಾರಿನ ಬಾಡಿಯೊಳಕ್ಕೆ ಹೋಗುತ್ತದೆ. ಇಂಜಿನ್ ತನ್ನ ಜಾಗದಲ್ಲಿ ಸ್ವಲ್ಪ ಅಲ್ಲಾಡಲಿ, ಬಾಡಿ ಸುಮ್ಮನಿರಲಿ. ಮೌಂಟಿಂಗ್ ಇರುವುದೇ ಅದಕ್ಕೆ. ಗಟ್ಟಿ ಪಾಲಿಯುರೇಥೇನ್ ರೇಸ್ ಕಾರಿಗೆ ಸರಿ. ಮನೆಯವರನ್ನು ಕೂರಿಸಿಕೊಂಡು ಊರಿಗೆ ಹೋಗುವ ಗಾಡಿಗೆ ಅಲ್ಲ.

ಸ್ವಲ್ಪ ಲೆಕ್ಕ ನೋಡಿ. ಐಡ್ಲಿಂಗ್ (ಗಾಡಿ ನಿಂತಿರುವಾಗ ಇಂಜಿನ್ ಸುಮ್ಮನೆ ಓಡುವುದು) 800 ಆರ್‌ಪಿಎಂ ಅಂದರೆ ಇಂಜಿನ್ ನಿಮಿಷಕ್ಕೆ 800 ಸುತ್ತು, ಸೆಕೆಂಡಿಗೆ 13 ಸುತ್ತಿಗಿಂತ ಚೂರು ಜಾಸ್ತಿ. ನಾಲ್ಕು ಸಿಲಿಂಡರ್ ಆದ್ದರಿಂದ ಪ್ರತಿ ಸುತ್ತಿಗೆ ಎರಡು ಹೊಡೆತ, ಅಂದರೆ ಸೆಕೆಂಡಿಗೆ ಸುಮಾರು 27. ಇನ್ನೊಂದು ಕಡೆ, ರಬ್ಬರ್ ಮೇಲೆ ಕೂತ ಇಂಜಿನ್‌ಗೂ ತನ್ನದೇ ಒಂದು ಕುಣಿತದ ವೇಗ ಇರುತ್ತದೆ. ಅದು ಸೆಕೆಂಡಿಗೆ 19ಕ್ಕಿಂತ ಕೆಳಗಿದ್ದರೆ ಮಾತ್ರ ಮೌಂಟಿಂಗ್ ನಡುಕವನ್ನು ತಡೆಯಲು ಶುರು ಮಾಡುತ್ತದೆ. 10-12ಕ್ಕೆ ಇಳಿದರೆ ನಿಜವಾದ ಆರಾಮ. 27ರ ಹತ್ತಿರ ಇದ್ದರೆ ನಡುಕ ಕಡಿಮೆಯಾಗುವ ಬದಲು ಹೆಚ್ಚೇ ಆಗುತ್ತದೆ. ನಿಮ್ಮ ಕಾರಿನಲ್ಲಿ ಆಗಿರುವುದು ಬಹುಶಃ ಇದೇ.

ಇದನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಸಂಪ್ (ಇಂಜಿನ್ ತಳದ ಆಯಿಲ್ ತಟ್ಟೆ) ಕೆಳಗೆ ಅಗಲವಾದ ಮರದ ಹಲಗೆ ಇಟ್ಟು, ಜ್ಯಾಕ್‌ನಿಂದ ಇಂಜಿನ್ ಭಾರವನ್ನು ಮೌಂಟಿಂಗ್ ಮೇಲಿಂದ ಎತ್ತಿ ರಬ್ಬರಿನ ಎತ್ತರದ ಅಳತೆ ತೆಗೆದುಕೊಳ್ಳಿ. ಆಮೇಲೆ ಇಳಿಸಿ ಮತ್ತೆ ಅಳೆಯಿರಿ. ಭಾರಕ್ಕೆ ರಬ್ಬರ್ 1 ಮಿಲಿಮೀಟರ್ ಮಾತ್ರ ಕುಗ್ಗಿದರೆ ಮೇಲೆ ಕೆಳಗೆ ಕುಣಿಯುವ ವೇಗ ಸೆಕೆಂಡಿಗೆ ಸುಮಾರು 16. 2.5 ಮಿಲಿಮೀಟರ್ ಕುಗ್ಗಿದರೆ ಸುಮಾರು 10. ರಬ್ಬರ್ ನಡುಗುವಾಗ ಇನ್ನೂ ಗಡುಸಾಗುವುದರಿಂದ ನಿಜವಾದ ವೇಗ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ.

ಈಗ ಯಾವುದನ್ನು ಕೊಳ್ಳಬೇಕು ಅನ್ನೋದು. ನಿಮ್ಮ ಅದೃಷ್ಟಕ್ಕೆ, ಇದೇ 1995 ಸಿಸಿ ಇಸುಜು ಡೀಸೆಲ್ ಅನ್ನು ಹಿಂದೂಸ್ತಾನ್ ಮೋಟಾರ್ಸ್ ತಾನೇ ಅಂಬಾಸಿಡರ್‌ನಲ್ಲಿ ಹಾಕಿ ಮಾರಿತ್ತು. 2000 ಡಿಎಸ್‌ಝಡ್ ಅಂತ ಹಿಂದೆ ಬರೆದಿರುತ್ತಿತ್ತಲ್ಲ, ಅದೇ ಗಾಡಿ. ಆ ಗಾಡಿಯ ಮೌಂಟಿಂಗ್ ಮತ್ತು ಅದನ್ನು ಹಿಡಿಯುವ ಲೋಹದ ಬ್ರಾಕೆಟ್, ಎರಡನ್ನೂ ಜೊತೆಯಾಗಿ ಹುಡುಕಿ. ಪೆಟ್ರೋಲ್ ಇಂಜಿನ್‌ನ ಹಳೇ ಮೌಂಟಿಂಗ್ ಮೇಲೆ ಡೀಸೆಲ್ ಕೂರಿಸಿದ್ದರೆ ರಬ್ಬರ್ ಪೂರ್ತಿ ಅಮುಕಿ ಲೋಹಕ್ಕೆ ಲೋಹ ತಾಗುತ್ತಿರಬಹುದು. ಆಗ ಮೌಂಟಿಂಗ್ ಇದ್ದೂ ಇಲ್ಲದ ಹಾಗೆ.

ಬೆಂಗಳೂರಿನವರಾದರೆ ಜೆ.ಸಿ. ರೋಡ್‌ನಲ್ಲಿ ವಿಚಾರಿಸಿ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ, ಹಾಗಾಗಿ ಎಷ್ಟೋ ವರ್ಷದಿಂದ ಗೋಡೌನಿನಲ್ಲಿ ಇದ್ದ ಮಾಲನ್ನೇ "ಹೊಸದು" ಅಂತ ಕೊಡಬಹುದು. ಉಗುರಿನಿಂದ ಒತ್ತಿ ನೋಡಿ. ಮೇಲ್ಮೈಯಲ್ಲಿ ಸಣ್ಣ ಬಿರುಕಿದ್ದರೆ, ಲೋಹದಿಂದ ರಬ್ಬರ್ ಬಿಟ್ಟುಕೊಂಡಿದ್ದರೆ ಬೇಡ. ಸಿಗಲೇ ಇಲ್ಲ ಅಂದರೆ, ಹೆಚ್ಚುಕಮ್ಮಿ ಅಷ್ಟೇ ತೂಕದ ಡೀಸೆಲ್ ಇಂಜಿನ್‌ನ ರಬ್ಬರ್ ಮೌಂಟಿಂಗ್ ತೆಗೆದುಕೊಳ್ಳಿ. ಗಡಸುತನ 50ರ ಆಸುಪಾಸು ಶೋರ್ ಎ (ರಬ್ಬರಿನ ಗಡಸುತನ ಅಳೆಯುವ ಮಾಪನ) ಇದ್ದರೆ ಸಾಕು.

ಆದರೆ ಒಳ್ಳೇ ರಬ್ಬರ್ ತಂದರೂ ಕೂರಿಸುವ ರೀತಿ ತಪ್ಪಿದರೆ ದುಡ್ಡು ದಂಡ. ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಅನ್ನೋದೇ ನನಗೆ ಬೇಸರ. ಐಡ್ಲಿಂಗ್‌ನಲ್ಲಿ ಇಂಜಿನ್ ಮುಖ್ಯವಾಗಿ ಎಡಕ್ಕೂ ಬಲಕ್ಕೂ ತೂಗಾಡುತ್ತದೆ. ವೆಲ್ಡಿಂಗ್ ಮಾಡುವವರು "ಭದ್ರವಾಗಿರಲಿ" ಅಂತ ಎರಡು ಮೌಂಟಿಂಗ್‌ಗಳನ್ನು ದೂರ ದೂರ, ಚಪ್ಪಟೆಯಾಗಿ ಇಡುತ್ತಾರೆ. ಆಗ ರಬ್ಬರ್ ಬರೀ ಅಮುಕುತ್ತದೆ, ತೂಗಾಟದ ಬಲವೆಲ್ಲಾ ಕಾರಿನ ಬಾಡಿಯೊಳಕ್ಕೆ ಹೋಗುತ್ತದೆ. ಎರಡನ್ನೂ ಇಂಜಿನ್‌ಗೆ ಹತ್ತಿರ, ಒಳಮುಖವಾಗಿ ಓರೆಯಾಗಿ ಇಟ್ಟರೆ ರಬ್ಬರ್ ಪಕ್ಕಕ್ಕೂ ಜಾರಿ ಕೆಲಸ ಮಾಡುತ್ತದೆ. ಹಾಗೆ ಜಾರುವಾಗ ಅದು ಬಹಳ ಮೆತ್ತಗೆ. ಬ್ರಾಕೆಟ್ ಮಾತ್ರ ದಪ್ಪ ತಗಡಿನದ್ದಾಗಿರಲಿ. ತೆಳು ತಗಡು ತಾನೇ ಗಂಟೆಯಂತೆ ನಡುಗುತ್ತದೆ.

ಬೋಲ್ಟುಗಳನ್ನು ಕಡೆಗೆ ಬಿಗಿಯಿರಿ. ಇಂಜಿನ್ ಭಾರ ಪೂರ್ತಿ ಮೌಂಟಿಂಗ್ ಮೇಲೆ ಬಂದ ಮೇಲೆ, ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿ ಅದಾಗೇ ಕೂರಲು ಬಿಟ್ಟು, ಆಫ್ ಮಾಡಿ ಟೈಟ್ ಮಾಡಿಸಿ. ಎಳೆದು ತಂದು ತೂತಿಗೆ ಸೇರಿಸಿದ ಬೋಲ್ಟ್ ರಬ್ಬರನ್ನು ಯಾವಾಗಲೂ ತಿರುಚಿಕೊಂಡೇ ಇರುತ್ತದೆ. ಸೈಲೆನ್ಸರ್ ಪೈಪ್ ಪಕ್ಕದ ಮೌಂಟಿಂಗ್‌ಗೆ ಶಾಖ ತಡೆಯಲು ಒಂದು ತಗಡು ಹಾಕಿಸಿ. ಡೀಸೆಲ್ ಸೋರಿಕೆ ಇದ್ದರೆ ಮೊದಲು ಅದನ್ನು ನಿಲ್ಲಿಸಿ, ಡೀಸೆಲ್ ಬಿದ್ದ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಇಷ್ಟೆಲ್ಲಾ ಖರ್ಚು ಮಾಡುವ ಮೊದಲು ಬಾನೆಟ್ ಎತ್ತಿ ಟಾರ್ಚ್ ಹಿಡಿದು ನೋಡಿ. ಸೈಲೆನ್ಸರ್ ಪೈಪ್ ಎಲ್ಲಾದರೂ ಬಾಡಿಗೆ ತಾಗಿದೆಯಾ? ಹೋಸ್ ಪೈಪು ಬಿಗಿಯಾಗಿ ಎಳೆದುಕೊಂಡಿದೆಯಾ? ಗೇರ್‌ಬಾಕ್ಸ್ ಕೆಳಗಿನ ಮೌಂಟಿಂಗ್ ಹಳೇದೇ ಇದೆಯಾ? ಇಂಜೆಕ್ಟರ್ (ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಭಾಗ) ಒಂದು ಸರಿಯಾಗಿ ಕೆಲಸ ಮಾಡದಿದ್ದರೆ ಇನ್ನೂ ನಿಧಾನವಾದ ಕುಲುಕಾಟ ಬರುತ್ತದೆ, ಅದನ್ನು ಯಾವ ಮೌಂಟಿಂಗೂ ತಡೆಯುವುದಿಲ್ಲ. ಐಡ್ಲಿಂಗ್ ಅನ್ನು 50-100 ಆರ್‌ಪಿಎಂ ಏರಿಸಿ ನೋಡಿ. ನಡುಕ ತಟ್ಟನೆ ಇಳಿದರೆ ತಪ್ಪು ಮೌಂಟಿಂಗ್‌ನದ್ದೇ ಅನ್ನಬಹುದು. ನಡುಕ ಗಾಡಿಯ ಸ್ಪೀಡ್ ಜೊತೆ ಏರುತ್ತಿದ್ದು, ಓಡುವಾಗ ನ್ಯೂಟ್ರಲ್ ಮಾಡಿದರೂ ಹಾಗೇ ಇದ್ದರೆ ಅದು ಬೇರೆ ಕಥೆ. ಹೊಸ ಇಂಜಿನ್ ಕೂತ ಎತ್ತರಕ್ಕೆ ಪ್ರೊಪೆಲ್ಲರ್ ಶಾಫ್ಟ್‌ನ (ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ತಿರುಗುವ ಉದ್ದ ದಂಡ) ಕೋನ ತಪ್ಪಿರಬಹುದು, ಅದನ್ನು ಬೇರೆಯಾಗಿ ನೋಡಿಸಬೇಕು.

ಇಂಜಿನ್ ಬದಲಾದದ್ದಕ್ಕೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್ ಬರೆಸಿದ್ದೀರಿ ಅಂದುಕೊಳ್ಳುತ್ತೇನೆ. ಇಲ್ಲದಿದ್ದರೆ ಇನ್ಶೂರೆನ್ಸ್ ವಿಷಯದಲ್ಲಿ ತೊಂದರೆಯಾಗುತ್ತದೆ.

ಈಗಿರುವ ಮೌಂಟಿಂಗ್‌ಗಳ ಫೋಟೋ, ಐಡ್ಲಿಂಗ್ ಎಷ್ಟಿದೆ, ರಬ್ಬರ್ ಎಷ್ಟು ಕುಗ್ಗಿದೆ, ಇದಿಷ್ಟು ಹಾಕಿ. ಬ್ರಾಕೆಟ್ ಬದಲಿಸಬೇಕಾ, ರಬ್ಬರ್ ಬದಲಿಸಿದರೆ ಸಾಕಾ ಅಂತ ಹೇಳುತ್ತೇನೆ.